ಯಾರ ಮನೆಯ ಹುಡುಗಿ?

ಭಾನುವಾರ ಮಧ್ಯಾಹ್ನ ನೆಮ್ಮದಿಯಾಗಿ ಒಂದು ಸಿನಿಮಾ ನೋಡಬೇಕು ಅನ್ನುವುದು ಅಷ್ಟು ದೊಡ್ಡ ಆಸೆಯಾ? ಮೊನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಕೇಳ್ತಿದ್ದೇನೆ.

ನಾವಿರುವುದು ಮುಲುಂಡಿನಲ್ಲಿ. ನನ್ನ ಹೆಂಡತಿಯ ಸೋದರಮಾವ ಡೊಂಬಿವಲಿಯಲ್ಲಿ. ಭಾನುವಾರ ಹಳಿ ರಿಪೇರಿಗೆ ಲೋಕಲ್ ರೈಲು ಕಡಿಮೆ ಮಾಡುವ ಮೆಗಾ ಬ್ಲಾಕ್ ಅಂತ ಮುಂಬೈಯ ಅರ್ಧ ಜನ ಮನೆಬಿಟ್ಟು ಕದಲುವುದಿಲ್ಲ. ಮಾವ ಮಾತ್ರ ಬ್ಲಾಕ್ ಶುರುವಾಗುವ ಮೊದಲೇ ಲೋಕಲ್ ಹಿಡಿದು ಬಂದುಬಿಡುತ್ತಾರೆ. ಊಟ ಮುಗಿಸಿ, "ಈಗ ಗಾಡಿ ಸರಿ ಇಲ್ಲ ಮಾರಾಯ್ರೇ, ಬ್ಲಾಕ್ ಮುಗಿಯಲಿ" ಅಂತ ಸೋಫಾದ ಮೇಲೆ ಕಾಲು ಚಾಚುತ್ತಾರೆ. ನಾನು ರಿಮೋಟ್ ಕೈಗೆ ತೆಗೆದುಕೊಳ್ಳುವುದೂ ಅದೇ ಹೊತ್ತಿಗೆ.

ನನಗೆ ಇಂಥದ್ದೇ ಸಿನಿಮಾ ಆಗಬೇಕು ಅಂತಿಲ್ಲ. ನಗಬೇಕು ಅನಿಸಿದರೆ 1990ರ 'ಗಣೇಶನ ಮದುವೆ'. ಆ ವಠಾರದ ಜಗಳ ಮುಂಬೈಯ ಚಾಳಿನ ಸಾಲುಮನೆಗಳಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆದರಬೇಕು ಅನಿಸಿದರೆ 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್ ಮೈಮೇಲೆ ದೆವ್ವ ಬಂದಾಗ ಈಗಲೂ ನಾನು ಕಾಲು ಮಡಚಿ ಮೇಲೆ ಇಟ್ಟುಕೊಳ್ಳುತ್ತೇನೆ. ಈಗಿನ ಹಾರರ್‌ಗಳಲ್ಲಿ ಹೆದರಿಕೆಗಿಂತ ಗಲಾಟೆ ಜಾಸ್ತಿ. ಥ್ರಿಲ್ಲರ್ ಅಂದರೆ ಸುನಿಲ್ ಕುಮಾರ್ ದೇಸಾಯಿಯವರ 'ನಿಷ್ಕರ್ಷ', 1993ರದ್ದು. ಹಾಡಿಲ್ಲ, ಕುಣಿತವಿಲ್ಲ, ಒಂದು ಬ್ಯಾಂಕ್, ಒಂದಿಷ್ಟು ಒತ್ತೆಯಾಳುಗಳು, ವಿಷ್ಣುವರ್ಧನ್.

ಇವನ್ನೆಲ್ಲ ನಾನು ನೋಡಿದ್ದೇನೆ ಅನ್ನುವುದಕ್ಕಿಂತ ಮಾವನ ಮಾತಿನ ಸಂದಿಯಲ್ಲಿ ಇಣುಕಿದ್ದೇನೆ ಅನ್ನುವುದೇ ಸರಿ.

ಮಾವನಿಗೆ ಕಥೆ ಬೇಡ. ಪರದೆ ಮೇಲೆ ಮುಖ ಕಂಡ ಕೂಡಲೇ ಅದರ ಊರು ಗೊತ್ತಾಗಬೇಕು. ವಿನಯಾ ಪ್ರಸಾದ್ ಬಂದರೆ, "ನಮ್ಮ ಉಡುಪಿಯವಳು." ಅದೇನೋ ನಿಜ. ಆದರೆ ಅಲ್ಲಿಗೆ ನಿಲ್ಲುತ್ತಾ? ಪಕ್ಕದಲ್ಲಿ ನಿಂತವನ ಮೂಗು ಬ್ರಹ್ಮಾವರದ್ದು. ಹಿಂದೆ ನೀರು ತರುವ ಹೆಂಗಸಿನ ನಡಿಗೆ ಕಾರ್ಕಳದ್ದು. 'ನಿಷ್ಕರ್ಷ' ಹಾಕಿದರಂತೂ ಮುಗಿಯಿತು. ಅದನ್ನು ಚಿತ್ರೀಕರಿಸಿದ್ದು ಮಣಿಪಾಲದಲ್ಲಿ. ಒಳಗೆ ಜನರ ಪ್ರಾಣ ಹೋಗುವ ಹೊತ್ತು, ಮಾವ ಎದ್ದು ಹೋಗಿ ಟಿವಿ ಪರದೆಗೇ ಬೆರಳು ಒತ್ತಿ, "ಇದೇ ರಸ್ತೆ, ಹೀಗೇ ಕೆಳಗೆ ಇಳಿದರೆ ಭಾವನ ಮನೆ" ಅನ್ನುತ್ತಾರೆ. ಬೆರಳಿನಡಿ ಕಮಾಂಡೋ ವಿಷ್ಣುವರ್ಧನ್ ಮಾಯ. ಬೆರಳು ತೆಗೆಯುವಷ್ಟರಲ್ಲಿ ಇಬ್ಬರು ಸತ್ತಿರುತ್ತಾರೆ. ಯಾರು ಕೊಂದರು, ಹೇಗೆ ಕೊಂದರು, ನನಗೆ ಇಂದಿಗೂ ಗೊತ್ತಿಲ್ಲ. ಪರದೆಯ ಮೇಲೆ ಹಪ್ಪಳದ ಎಣ್ಣೆಯ ಗುರುತು ಮಾತ್ರ ಇದೆ.

ಅಭ್ಯಾಸ ಹಳೆಯದು. ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಬಹಳ ಕಾಲ ಕೂತವರು. ಬಿಲ್ಲಿನ ಜೊತೆಗೇ "ಊರಲ್ಲಿ ಎಲ್ಲಿ?" ಅಂತ ಕೇಳಿ ಚಿಲ್ಲರೆ ಕೊಟ್ಟವರು. ಅನಂತನಾಗ್ ಹುಡುಗನಾಗಿದ್ದಾಗ ಮುಂಬೈಯಲ್ಲಿ ನಾಟಕ ಮಾಡುತ್ತಿದ್ದರು ಅಂತ ಯಾರೋ ಹೇಳಿದ್ದೇ ತಪ್ಪಾಯಿತು. ಮಾವನ ಲೆಕ್ಕದಲ್ಲಿ ಆ ಕಾಲದ ಮುಂಬೈಯಲ್ಲಿ ಚಾ ಕುಡಿದವರೆಲ್ಲ ಅವರ ಹೋಟೆಲಿನಲ್ಲೇ ಕುಡಿದವರು.

ಬಾಯಿ ಮುಚ್ಚಿ ಅವರು ನೋಡಿದ ಸಿನಿಮಾ ಅಂದರೆ 'ಉಳಿದವರು ಕಂಡಂತೆ' ಒಂದೇ. ಮಲ್ಪೆಯ ದೋಣಿ, ಮೀನು, ಹುಲಿ ವೇಷ. ಯಾರ ಊರನ್ನೂ ಹೇಳಲಿಲ್ಲ. ಹತ್ತನೆಯ ಕ್ಲಾಸು ಮುಗಿಯುವ ಮುಂಚೆಯೇ ಬಸ್ಸು ಹತ್ತಿ ಮುಂಬೈಗೆ ಬಂದವರು. ಊರಿನ ಮನೆ ಪಾಲಾಗಿ, ಮಾರಿ, ಈಗ ಅಲ್ಲಿ ಯಾರದ್ದೋ ಶೆಡ್ ಇದೆಯಂತೆ. ಪಾಪ ಅನಿಸಿತು. ಮುಂದಿನ ಭಾನುವಾರವೂ ಬನ್ನಿ ಮಾವ ಅಂದುಬಿಟ್ಟೆ.

ಬಂದರು. ನಾನೂ ಉಪಾಯ ಮಾಡಿಕೊಂಡಿದ್ದೆ. 1995ರ 'ಬೆಳದಿಂಗಳ ಬಾಲೆ' ಹಾಕಿದೆ. ನನಗೆ ಪ್ರೇಮಕಥೆ ಅಂದರೆ ಅದೇ. ಚೆಸ್ ಆಡುವ ಅನಂತನಾಗ್‌ಗೆ ಒಬ್ಬ ಹುಡುಗಿ ಫೋನ್ ಮಾಡುತ್ತಾಳೆ, ತನ್ನನ್ನು ಹುಡುಕು ಅನ್ನುತ್ತಾಳೆ. ಸಿನಿಮಾ ಮುಗಿದರೂ ಅವಳ ಮುಖ ತೋರಿಸುವುದಿಲ್ಲ. ಮುಖವೇ ಇಲ್ಲದ ಮೇಲೆ ಊರೆಲ್ಲಿಯದು!

ಸ್ವಲ್ಪ ಹೊತ್ತು ಮಾವ ಕಾದರು. ಕನ್ನಡಕ ಒರೆಸಿದರು. "ಮುಖ ತೋರಿಸಲಿ, ಯಾರ ಮನೆಯವಳು ಅಂತ ಈಗ ಹೇಳ್ತೇನೆ" ಅಂದರು. ಮುಖ ಬರಲಿಲ್ಲ. ಇಂಟರ್‌ವಲ್ ಕಳೆಯಿತು. ಮಾವ ಸೋಫಾದ ತುದಿಗೆ ಬಂದು ಕೂತರು. "ಕೂದಲಾದರೂ ತೋರಿಸಬೇಕಪ್ಪ." ಆಮೇಲೆ ಕಣ್ಣುಮುಚ್ಚಿ ದನಿ ಕೇಳತೊಡಗಿದರು. "ಘಟ್ಟದ ಮೇಲಿನವಳು. ನಮ್ಮ ಕಡೆಯವರು ಹೀಗೆ ಮಾತಾಡುವುದಿಲ್ಲ." ನಾನು ಸಿನಿಮಾ ಬಿಟ್ಟು ಮಾವನನ್ನೇ ನೋಡುತ್ತಿದ್ದೆ.

ಕೊನೆಯ ಹತ್ತು ನಿಮಿಷ ಬಂತು. ನನ್ನ ಗಂಟಲು ಕಟ್ಟಿತ್ತು. ಆಗ ಮಾವ ಫೋನ್ ತೆಗೆದು ಉಡುಪಿಯಲ್ಲಿರುವ ತಂಗಿಗೆ, ಅಂದರೆ ನನ್ನ ಅತ್ತೆಗೆ, ಹಚ್ಚಿದರು. ಸ್ಪೀಕರಿನಲ್ಲಿ.

"ಬೆಳದಿಂಗಳ ಬಾಲೆ ನೋಡಿದ್ದೀಯಲ್ಲ, ಆ ಹುಡುಗಿ ಯಾರ ಮನೆಯದ್ದು?"

"ಅದರಲ್ಲಿ ಅವಳ ಮುಖವೇ ಇಲ್ಲವಲ್ಲ ಅಣ್ಣಾ."

ಸದ್ಯ, ಮನೆಯಲ್ಲಿ ಒಬ್ಬರಿಗಾದರೂ ಅರ್ಥವಾಯಿತು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಮತ್ತೆ ಮಾತಾಡಿದರು.

"ಒಂದು ನಿಮಿಷ ಇರು, ಇವರಿಗೆ ಗೊತ್ತಿರಬಹುದು, ಕೇಳಿ ಹೇಳ್ತೇನೆ."