ಗೊರೊಗೊರೊ ಮೇಲಿನ ಕೊಸರು

ಕೀನ್ಯಾದ ಕಿಸುಮುಗೆ ಬಂದ್ರೆ ಸಂತೇಲಿ ತಕ್ಕಡಿ ಹುಡುಕ್ಬೇಡಿ. ಮೆಕ್ಕೆಜೋಳ, ಬೀನ್ಸ್ ಕಾಳು, ಒಣಮೀನು ಎಲ್ಲಾ ಅಳೆಯೋದು ಗೊರೊಗೊರೊದಲ್ಲಿ, ಅಂದ್ರೆ ಅಡುಗೆ ಕೊಬ್ಬು ತುಂಬಿ ಬರೋ 2 ಕೆಜಿ ಡಬ್ಬ. ನಾವು ಡಾಲ್ಡಾ ಡಬ್ಬದಲ್ಲಿ ತುಳಸಿ ನೆಟ್ಟು ಸುಮ್ನಾದ್ವಿ, ಇವ್ರು ಅದನ್ನೇ ಸೇರು ಮಾಡ್ಕೊಂಡ್ರು. ಬೆಲೆ ಏರಿಕೆ ಬಗ್ಗೆ ಜಗಳ ಆಡೋರೂ ಮೆಕ್ಕೆಜೋಳದ ಗೊರೊಗೊರೊ ಎಷ್ಟಾಯ್ತು ಗೊತ್ತಾ ಅಂತಾನೇ ಶುರು ಮಾಡೋದು.

ಡಬ್ಬದಲ್ಲೂ ಕಿತಾಪತಿ ಇದೆ ಬಿಡಿ. ಕೆಲವ್ರು ತಳ ಒಳಕ್ಕೆ ತಟ್ಟಿರ್ತಾರೆ, ಮೇಲಿಂದ ನೋಡಿದ್ರೆ ಗೋಪುರದ ಥರ ತುಂಬಿರುತ್ತೆ, ಮನೆಗೆ ತಂದು ಸುರಿದ್ರೆ ಎಲ್ಲೋ ಏನೋ ಕಮ್ಮಿ. ನಮ್ಮ ಅಜ್ಜಿ ಇದ್ದಿದ್ರೆ ಮೊದ್ಲು ಡಬ್ಬ ಬೋರಲು ಹಾಕಿ ಬುಡ ನೋಡಿರೋರು.

ನಾನು ಹೋಗೋದು ಕಿಬುಯೆ ಮಾರ್ಕೆಟ್ಟಿಗೆ, ಭಾನುವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ವಿಕ್ಟೋರಿಯಾ ಸರೋವರ ಹತ್ರಾನೇ ಇರೋದ್ರಿಂದ ಅರ್ಧ ಸಂತೆ ಮೀನಿನ ವಾಸನೆ. ಓಮೆನಾ ಅಂತ ಬೆರಳುದ್ದದ ಬೆಳ್ಳಿ ಮೀನು, ಅದನ್ನ ಹಿಡಿಯೋದು ಕತ್ತಲ ರಾತ್ರೀಲಿ, ನೀರಿನ ಮೇಲೆ ದೀಪ ಇಟ್ರೆ ಬೆಳಕಿಗೆ ಮುತ್ಕೊಳ್ತಾವೆ. ದಡದಲ್ಲಿ ನಿಂತು ನೋಡಿದ್ರೆ ಕೆರೆ ಮಧ್ಯೆ ಯಾವ್ದೋ ಊರ ಜಾತ್ರೆ ನಡೀತಿದೆ ಅನ್ಸುತ್ತೆ (ಕೆರೆ ಅಂದೆ, ಅಭ್ಯಾಸಬಲ, ಆಚೆ ದಡ ಉಗಾಂಡಾ ತಾಂಜಾನಿಯಾದಲ್ಲಿದೆ). ಹುಣ್ಣಿಮೆ ಆಸುಪಾಸು ಬಲೆಗೆ ಬೀಳೋದು ಕಮ್ಮಿ, ಸಂತೇಲಿ ರೇಟು ಜಾಸ್ತಿ. ಚಂದ್ರನ್ನ ನೋಡಿ ಬಜೆಟ್ ಮಾಡೋ ಊರು.

ಆದ್ರೆ ನನ್ನನ್ನ ಅಲ್ಲಿ ಕಟ್ಟಿಹಾಕಿದ್ದು ರಾಗಿ. ಗೋಣಿ ಮೇಲೆ ಕೆಂಪಗೆ ರಾಶಿ ಹಾಕಿಟ್ಟಿದ್ರು. ಇಲ್ಲಿನ ಲುವೋ ಜನರ ಭಾಷೇಲಿ ಕಾಲ್, ಸ್ವಾಹಿಲೀಲಿ ವಿಂಬಿ, ಅದೇ ಪದಕ್ಕೆ ಅಲೆ ಅಂತಾನೂ ಅರ್ಥ. ರಾಗಿ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಅಲ್ಲಿಂದಾನೇ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದಿದ್ದು, ಹಾಗಾಗಿ ನನಗೆ ಮನೆ ಸೊಸೆಯ ತವರೂರಿಗೆ ಬಂದಂಗಾಯ್ತು. ತವರಲ್ಲಿ ಈಗ ಮೆಕ್ಕೆಜೋಳದ್ದೇ ದರ್ಬಾರು. ಅಮೆರಿಕದಿಂದ ಬಂದಿದ್ದು ಅದು, ದಿನಾ ಮುದ್ದೆ ಅದ್ರದ್ದೇ. ರಾಗಿ ಬೆಳಿಗ್ಗೆ ಉಜಿಗೆ, ಅಂದ್ರೆ ಗಂಜಿಗೆ. ರೇಟೂ ಜಾಸ್ತಿ, ಆಗ್ದೆ ಇನ್ನೇನು, ಪೈರಿನ ಮಧ್ಯೆ ರಾಗಿ ಥರಾನೇ ಕಾಣೋ ಹುಲ್ಲು ಹುಟ್ಟುತ್ತೆ, ಬಗ್ಗಿ ಬಗ್ಗಿ ಕಳೆ ಕೀಳ್ಬೇಕು, ತೆನೆ ಒಂದೊಂದೇ ಕೊಯ್ಬೇಕು, ನೆಲದ ಮೇಲೆ ಬಡಿದಿದ್ರೆ ಕಲ್ಲು ಆರಿಸ್ಬೇಕು. ಈ ಪುರಾಣ ನಮ್ಮ ತುಮಕೂರು ಕಡೆಯವ್ರಿಗೆ ಹೇಳೋದೇನೂ ಬೇಡ.

ಮಾರೋ ಹೆಂಗಸನ್ನ ಇಲ್ಲಿ ಎಲ್ರೂ ಮಾಮಾ ಅಂತಾರೆ, ಅಮ್ಮ ಅಂತ ಅರ್ಥ. ಗೊತ್ತಿದ್ರೂ ಸೀರೆ ಉಟ್ಟ ಅತ್ತೆಗೆ ಮಾಮ ಅಂದಂಗೆ ಅನ್ಸಿ ಮೊದಲ ದಿನ ನಂಗೆ ನಗು ತಡೆಯೋಕಾಗ್ಲಿಲ್ಲ. ಆ ಯಮ್ಮ ಏನಂದ್ಕೊಂಡ್ರೋ. ಆಮೇಲೆ ರಾಗಿ ಅಳೆದು ಚೀಲಕ್ಕೆ ಸುರಿದಾಗ ನಾನು ಪಕ್ಕದವ್ರನ್ನ ನೋಡಿ ಕಲಿತಿದ್ದ ಒಂದೇ ಮಾತು ಎಸೆದೆ: ಓಂಗೆಜಾ. ಇನ್ನೂ ಸ್ವಲ್ಪ ಹಾಕಿ ಅಂತ. ತಕ್ಷಣ ಒಂದು ಬೊಗಸೆ ರಾಗಿ ಚೀಲಕ್ಕೆ ಬಿತ್ತು. ಅದಕ್ಕೆ ಇವ್ರು ನ್ಯೊಂಗೆಜಾ ಅಂತಾರೆ, ನಮ್ಮಲ್ಲಿ ಕೊಸರು. ಮೂರು ಕಾಸಿನ ಸೊಪ್ಪು ತಗೊಂಡು ಕೊಸರಿಗೆ ಅರ್ಧ ಗಂಟೆ ಕಾದಾಡೋ ಮನೇಲಿ ಬೆಳೆದೋನಿಗೆ ಪರದೇಶದಲ್ಲಿ ಇದಕ್ಕಿಂತ ಏನ್ ಬೇಕು ಹೇಳಿ. ಅವತ್ತಿಂದ ನಾನು ಪ್ರತಿ ವಾರ ಅಲ್ಲೇ, ಪ್ರತಿ ವಾರ ಓಂಗೆಜಾ.

ಇಲ್ಲಿ ದುಡ್ಡು ಕೊಡೋದೂ ಎಂಪೆಸಾದಲ್ಲೇ, ಅಂದ್ರೆ ಮೊಬೈಲಲ್ಲೇ ದುಡ್ಡು ಕಳ್ಸೋ ವ್ಯವಸ್ಥೆ, 2007ರಲ್ಲೇ ಬಂದಿದ್ದು, ನಮ್ಮ ಯುಪಿಐಗಿಂತ ಸೀನಿಯರ್ರು. ಹೋದ ಭಾನುವಾರ ಗಡಿಬಿಡೀಲಿ 10 ಶಿಲ್ಲಿಂಗ್ ಜಾಸ್ತಿ ಒತ್ಬಿಟ್ಟೆ. ಮೆಸೇಜ್ ಬಂತು, ಆ ಯಮ್ಮ ನೋಡಿದ್ರು, ನಾನು ವಾಪಸ್ ಕೊಡ್ತಾರೇನೋ ಅಂತ ಹಲ್ಲು ಕಿರಿದು ನಿಂತೆ. ಅವ್ರು ಫೋನನ್ನ ಸೊಂಟಕ್ಕೆ ಸಿಗಿಸ್ಕೊಂಡು ನಕ್ಕು ಒಂದೇ ಮಾತಂದ್ರು: ನ್ಯೊಂಗೆಜಾ.