ಮೊದಲು ಬೋರ್ಡ್ ನೋಡಿ, ಆಮೇಲೆ ಪ್ರೊಸೆಸರ್

ಮಾರ್ಚ್‌ನಲ್ಲಿ ಕೊಡಗಿನ ನಮ್ಮ ಮಾದಾಪುರದ ಕಡೆ, ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ಬಿದ್ದ ಸಂಜೆಯೇ ನನ್ನ ಕಂಪ್ಯೂಟರ್ ಹೋಯಿತು. ತೋಟದವರೆಲ್ಲ ಮೋಡ ನೋಡುತ್ತಾ ಕಾದಿದ್ದ ಮಳೆ ಅದು. ಮೊದಲ ಗುಡುಗು ಕೇಳಿದ ತಕ್ಷಣ ಯುಪಿಎಸ್ ಪ್ಲಗ್ ಎಳೆದೆ. ಟಿವಿ, ಫ್ರಿಜ್ ಪ್ಲಗ್ಗೂ ಎಳೆದೆ. ಕಂಪ್ಯೂಟರ್ ಹಿಂದಿನ ಲ್ಯಾನ್ ವೈರ್ ಮಾತ್ರ ಹಾಗೇ ಉಳಿಯಿತು. ಆ ವೈರಿನ ಇನ್ನೊಂದು ತುದಿಯ ರೌಟರ್ ಪಕ್ಕದ ಕೋಣೆಯಲ್ಲಿ ಕರೆಂಟಿನಲ್ಲೇ ಇತ್ತು. ಎಲ್ಲೋ ಹತ್ತಿರದಲ್ಲಿ ಸಿಡಿಲು ಹೊಡೆಯಿತು. ಬೆಳಿಗ್ಗೆ ಎದ್ದು ಸ್ವಿಚ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು.

ಕುಶಾಲನಗರಕ್ಕೆ ಹೊತ್ತುಕೊಂಡು ಹೋದೆ. ರಿಪೇರಿ ಮಾಡುವ ಹುಡುಗ ಮೊಬೈಲ್ ಟಾರ್ಚ್ ಹಾಕಿ ತೋರಿಸಿದ. ಲ್ಯಾನ್ ವೈರ್ ಸಿಕ್ಕಿಸುವ ಜಾಗದ ಹಿಂದೆ ಒಂದು ಸಣ್ಣ ಕಪ್ಪು ಚಿಪ್. ಅದರ ಮೇಲೆ ಸಾಸಿವೆ ಕಾಳಿನಷ್ಟು ತೂತು. ಸುತ್ತಲೂ ಮಸಿ. ಬೋರ್ಡಿನ, ಅಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿನ ಸ್ಕ್ರೂಗಳ ಬುಡದಲ್ಲಿ ಹಸಿರು ಕಿಲುಬು ಬೇರೆ. "ಸರ್, ಇದು ಸಿಡಿಲಿಂದು. ಬೋರ್ಡ್ ಹೋಗಿದೆ" ಅಂದ. ಆಮೇಲೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್, ಅಂದರೆ ಪ್ರೊಸೆಸರ್ ಬಿಚ್ಚಿದ. ಶಾಖ ದಾಟಿಸಲು ಅದರ ಮೇಲೆ ಹಚ್ಚಿದ್ದ, ಈಗ ಒಣಗಿ ಸುಣ್ಣದ ಹಾಗಾಗಿದ್ದ ಪೇಸ್ಟ್ ಒರೆಸಿ, ಅಂಗಡಿಯಲ್ಲಿದ್ದ ಇನ್ನೊಂದು ಹಳೆ ಬೋರ್ಡಿಗೆ ಕೂರಿಸಿ ಸ್ವಿಚ್ ಹಾಕಿದ. ಮೊದಲ ಸಲಕ್ಕೇ ಆನ್ ಆಯಿತು. 2014ರಲ್ಲಿ ತಗೊಂಡ, ಇಂಟೆಲ್ ಕಂಪನಿಯ ನಾಲ್ಕನೇ ತಲೆಮಾರಿನ ಐ3 ಅದು. ಅದಕ್ಕೆ ಏನೂ ಆಗಿರಲಿಲ್ಲ.

ನನ್ನ ಮಾತೆಲ್ಲ ಆ ಅಂಗಡಿ ಮೇಜಿನ ಮೇಲೆ ಕಂಡದ್ದರ ಬಗ್ಗೆಯೇ. ನಮ್ಮ ಕಡೆ ಪ್ರೊಸೆಸರ್ ಹಾಳಾಗಿದ್ದನ್ನು ನಾನು ನೋಡಿಲ್ಲ. ಹಾಳಾಗುವುದು ಬೋರ್ಡ್, ಇಲ್ಲವೇ ಅದಕ್ಕೆ ಕರೆಂಟ್ ಇಳಿಸಿ ಕೊಡುವ ಎಸ್‌ಎಂಪಿಎಸ್. ಆದರೂ ಹೊಸದು ತಗೊಳ್ಳುವಾಗ ಎಲ್ಲರ ದುಡ್ಡೂ ಪ್ರೊಸೆಸರ್‌ಗೇ ಹೋಗುತ್ತದೆ. ಸಿಪಿಯು ಅಂದರೆ ಪ್ರೊಸೆಸರ್, ಆದರೆ ಇಡೀ ಡಬ್ಬಿಯನ್ನೇ 'ಸಿಪಿಯು' ಅಂತ ಕರೆದು ಅಭ್ಯಾಸ ನಮಗೆ. ಅದಕ್ಕೇ ಇರಬೇಕು, ಪ್ರೊಸೆಸರ್ ದೊಡ್ಡದಿದ್ದರೆ ಎಲ್ಲವೂ ಸರಿ ಅನ್ನಿಸಿಬಿಡುತ್ತದೆ.

ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ. ನನ್ನ ಮೇಲೆ ಪ್ರೀತಿ ಇರುವ ಹುಡುಗ. "ಚಿಕ್ಕಪ್ಪ, ಐ7 14700ಕೆ ಹಾಕಿಸಿ, ಹತ್ತು ವರ್ಷ ತಿರುಗಿ ನೋಡೋದು ಬೇಡ. ಬೋರ್ಡಿಗೆ ಜಾಸ್ತಿ ಸುರೀಬೇಡಿ, ಎಚ್610 ಸಾಕು" ಅಂದ. ಅವನು ಹೇಳಿದ ಪ್ರೊಸೆಸರ್ ಒಳ್ಳೆಯದೇ, 20 ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ 20 ಭಾಗ ಇದೆ. ಆದರೆ ಪೂರ್ತಿ ಓಡುವಾಗ 253 ವ್ಯಾಟ್‌ವರೆಗೆ ಎಳೆಯುತ್ತದೆ. ಎಸ್‌ಎಂಪಿಎಸ್ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದ್ದು ಒಂದು ವೋಲ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. 12ನ್ನು ಒಂದಕ್ಕೆ ಇಳಿಸುವ ಕೆಲಸ ಬೋರ್ಡಿನದು. ಲೆಕ್ಕ ಹಾಕಿ ನೋಡಿ, ವೋಲ್ಟೇಜ್ ಇಳಿದಷ್ಟೂ ಆಂಪಿಯರ್ ಏರುತ್ತದೆ. 253 ವ್ಯಾಟ್ ಅಂದರೆ ಸುಮಾರು 200 ಆಂಪಿಯರ್. ಅದನ್ನು ಹೊರುವುದು ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದಲ್ಲಿ ಸಾಲಾಗಿರುವ ಸಣ್ಣ ಚೌಕಗಳು. ಇದಕ್ಕೆ ವಿಆರ್‌ಎಂ ಅನ್ನುತ್ತಾರೆ. ಕಡಿಮೆ ಬೆಲೆಯ ಎಚ್610 ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಈ ಚೌಕಗಳ ಮೇಲೆ ಶಾಖ ಎಳೆಯುವ ಲೋಹದ ಪಟ್ಟಿಯೂ ಇರುವುದಿಲ್ಲ. ಅಂಥ ಬೋರ್ಡಿನಲ್ಲಿ ಈ ಐ7 ತನ್ನ ಪೂರ್ತಿ ವೇಗ ಮುಟ್ಟುವುದೇ ಇಲ್ಲ. ಕೊಟ್ಟ ದುಡ್ಡು ಸುಮ್ನೆ ಬಿಸಿಯಾಗಿ ಹೋಗುತ್ತದೆ.

ನನ್ನ ಕೆಲಸ ಮದುವೆ ಕಾಗದ, ಸ್ಮರಣ ಸಂಚಿಕೆಯ ಪುಟ, ಸಂಘದ ರಸೀದಿ ಪುಸ್ತಕ. ದೊಡ್ಡ ಫೋಟೋ ತೆರೆದಾಗ ಸ್ವಲ್ಪ ಹೊತ್ತು ಓಡುತ್ತದೆ, ಮತ್ತೆ ಸುಮ್ಮನಿರುತ್ತದೆ. ಕೊನೆಗೆ ತಗೊಂಡಿದ್ದು ಐ5 12400. ಆರು ಕೋರ್, ಮಾಮೂಲಿಗೆ 65 ವ್ಯಾಟ್, ಎಷ್ಟೇ ಓಡಿದರೂ 117ರ ಮಿತಿ. ಹೆಸರಿನ ಕೊನೆಗೆ 'ಎಫ್' ಇರುವುದನ್ನು ಬೇಕೆಂದೇ ಬಿಟ್ಟೆ. ಎಫ್ ಇದ್ದರೆ ಸ್ವಲ್ಪ ಅಗ್ಗ, ಆದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕಲೇಬೇಕು. ಕೊಡಗಿನಲ್ಲಿ ಡಬ್ಬಿಯೊಳಗೆ ಒಂದು ವಸ್ತು ಕಡಿಮೆ ಇದ್ದಷ್ಟೂ ಹಾಳಾಗುವುದು ಒಂದು ಕಡಿಮೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಉಳಿದ ದುಡ್ಡನ್ನು ಬೋರ್ಡಿಗೆ ಹಾಕಿದೆ. ಬಿ760, ವಿಆರ್‌ಎಂ ಮೇಲೆ ದಪ್ಪ ಲೋಹದ ಪಟ್ಟಿ ಇರುವುದು, ರ್‍ಯಾಮ್‌ಗೆ ನಾಲ್ಕು ಜಾಗ. ಇದರಲ್ಲಿ ಹಳೆ ತರದ ಡಿಡಿಆರ್4 ರ್‍ಯಾಮ್ ಹಾಕುವ ಬೋರ್ಡೂ ಸಿಗುತ್ತದೆ, ಹೊಸ ತರದ ಡಿಡಿಆರ್5 ಹಾಕುವುದೂ ಸಿಗುತ್ತದೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. 2025ರ ಕೊನೆಗೆ ರ್‍ಯಾಮ್ ಬೆಲೆ ಎಲ್ಲ ಕಡೆ ಜಿಗಿಯಿತು. ಹಾಗಾಗಿ ಪೂರ್ತಿ ಬಿಲ್ ಹಾಕಿಸಿ ನೋಡದೆ ಬೋರ್ಡ್ ಆರಿಸಬೇಡಿ. ತಂಗಿ ಮನೆಯ ಕಂಪ್ಯೂಟರಿನಿಂದ ಬಿಚ್ಚಿಟ್ಟ 8 ಜಿಬಿಯ ಎರಡು ಡಿಡಿಆರ್4 ಪಟ್ಟಿಗಳಿದ್ದವು, ನನಗೆ ಅದೇ ದಾರಿ ತೋರಿಸಿತು. ಹದಿನಾರರ ಒಂದೇ ಪಟ್ಟಿಗಿಂತ ಎಂಟರ ಎರಡು ಮೇಲು. ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದು ಇದೇ ರ್‍ಯಾಮ್‌ನಿಂದ. ಎರಡು ಪಟ್ಟಿ ಇದ್ದರೆ ಅದಕ್ಕೆ ಎರಡು ದಾರಿ ಸಿಕ್ಕ ಹಾಗೆ.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿ ಯಾಕೆ ಬೇಡ ಅಂತ ಕೇಳುತ್ತೀರಿ. ಬೇಡ ಅನ್ನುವುದಿಲ್ಲ. ಓದುವ ಮಕ್ಕಳು, ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವವರು ಅದರ ಎಎಂ5 ಸಾಕೆಟ್ ಇರುವ ಬೋರ್ಡನ್ನೇ ತಗೊಳ್ಳಿ ಅಂತ ನಾನೇ ಹೇಳುತ್ತೇನೆ. ಅದರ ಹಿಂದಿನ ಎಎಂ4 ಸಾಕೆಟ್ ನೋಡಿ. 2017ರಲ್ಲಿ ಎಎಂಡಿಯ ಮೊದಲ ರೈಜೆನ್ ಪ್ರೊಸೆಸರ್ ಜೊತೆ ಬಂದ ಎಷ್ಟೋ ಬೋರ್ಡುಗಳಿಗೆ ಬಯೋಸ್ (ಬೋರ್ಡಿನೊಳಗಿನ ಸಣ್ಣ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಪ್ರೊಸೆಸರ್ ಕೂರಿಸಬಹುದು. ಹಾಗೆ ನಡೆಸಿಕೊಟ್ಟದ್ದು ದೊಡ್ಡ ವಿಷಯ ಅಲ್ವಾ? ಆದರೆ ಎಎಂ5ಗೆ ಡಿಡಿಆರ್5 ಬಿಟ್ಟರೆ ಬೇರೆ ದಾರಿಯಿಲ್ಲ. ನಾನು ತಗೊಂಡ ಸಾಕೆಟ್ 12, 13, 14ನೇ ತಲೆಮಾರಿಗೆ ಮುಗಿಯಿತು, ಗೊತ್ತಿದ್ದೇ ತಗೊಂಡೆ. ಹತ್ತು ವರ್ಷ ಮುಟ್ಟದೆ ಇಡುವವನು ನಾನು. ನಡುವೆ ಪ್ರೊಸೆಸರ್ ಬದಲಿಸುವ ಯೋಚನೆ ನನಗಿಲ್ಲ.

ಹಳೆ ಐ3ಗೇ ಸೆಕೆಂಡ್ ಹ್ಯಾಂಡ್ ಬೋರ್ಡ್ ಹಾಕಿಸಬಹುದಿತ್ತು. ಅಂಗಡಿಯವನೂ ಹೇಳಿದ. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಇಂಟೆಲ್‌ನಲ್ಲಿ ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಶುರುವಾಗುವುದು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ. ಬರೀ ಸಿನಿಮಾ ನೋಡಲು, ಮೇಲ್ ತೆರೆಯಲು ಸಾಕು ಅನ್ನುವವರು ಹಳೆಯದಕ್ಕೇ ಎಸ್‌ಎಸ್‌ಡಿ, ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ, ಚೆನ್ನಾಗಿ ನಡೆಯುತ್ತದೆ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯಾ? ಹಾಗಿದ್ದರೆ ಪ್ರೊಸೆಸರ್ ಹುಡುಕುವುದನ್ನು ನಿಲ್ಲಿಸಿ ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ. ಹೆಚ್ಚಿನ ಸಲ ಅದು ಅರ್ಥಿಂಗ್ ಇಲ್ಲದ ಗುರುತು. ನಮ್ಮ ಮನೆಯದ್ದನ್ನು ಈ ಸಲ ಅಗೆಸಿ ನೋಡಿದೆ. ಗುಂಡಿಯ ಮಣ್ಣು ಪುಡಿ ಪುಡಿ, ಒಳಗಿನ ಪೈಪು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಮಳೆಗಾಲದಲ್ಲಿ ನೆಲ ನೆನೆದಿರುತ್ತದೆ, ಅರ್ಥಿಂಗ್ ಚೆನ್ನಾಗಿರುತ್ತದೆ. ಸಿಡಿಲಿನ ಕಾಟ ಜಾಸ್ತಿ ಇರುವ ಮಾರ್ಚ್‌ನಿಂದ ಮೇವರೆಗೆ ಮಣ್ಣು ಒಣಗಿರುತ್ತದೆ. ಆ ಮೂರು ತಿಂಗಳು ವಾರಕ್ಕೆ ಎರಡು ಕೊಡ ನೀರು ಆ ಗುಂಡಿಗೆ ಸುರಿಯಿರಿ. ಗುಡುಗು ಕೇಳಿದರೆ ಪ್ಲಗ್ ಜೊತೆ ಲ್ಯಾನ್ ವೈರನ್ನೂ ಎಳೆಯಿರಿ. ಫೈಬರ್ ಲೈನ್ ಇದ್ದರೂ ಎಳೆಯಿರಿ. ಫೈಬರಿನಲ್ಲಿ ಕರೆಂಟ್ ಬರುವುದಿಲ್ಲ ನಿಜ, ಆದರೆ ರೌಟರ್‌ನ ಅಡಾಪ್ಟರ್ ಮೂಲಕ ಬರುತ್ತದೆ.

ಇನ್ನು ತೇವ. ಮಡಿಕೇರಿಯಲ್ಲಿ ವರ್ಷದ ಮಳೆ 120 ಇಂಚು ದಾಟುವುದು ಹೊಸತಲ್ಲ. ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ, ಬೋರ್ಡಿಗೆ ಬರದೇ ಇರುತ್ತದಾ? ನಾನು ಡಬ್ಬಿಯನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಮರದ ಮಣೆ ಮೇಲೆ ಇಟ್ಟಿದ್ದೇನೆ. ಕೆಲಸ ಇರಲಿ ಬಿಡಲಿ, ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಆನ್ ಮಾಡುತ್ತೇನೆ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಕಿಲುಬು ಹಿಡಿದ, ಸುಟ್ಟ ಗುರುತಿರುವ ಬೋರ್ಡಿಗೆ ವಾರಂಟಿ ಸಿಗುವುದು ಕಷ್ಟ. ಸಾಕೆಟ್ ಮೇಲೆ ಬರುವ ಪ್ಲಾಸ್ಟಿಕ್ ಮುಚ್ಚಳವನ್ನೂ ಎಸೆಯಬೇಡಿ. ಇಂಟೆಲ್ ಬೋರ್ಡಿನಲ್ಲಿ ಸೂಜಿಗಿಂತ ಸಣ್ಣ ಪಿನ್ನುಗಳು ಸಾಕೆಟ್‌ನಲ್ಲೇ ಇರುತ್ತವೆ. ಒಂದು ಬಾಗಿದರೂ ವಾರಂಟಿಗೆ ತಕರಾರು. ಬೋರ್ಡ್ ಕಳಿಸುವಾಗ ಆ ಮುಚ್ಚಳ ಹಾಕಿಯೇ ಕಳಿಸಬೇಕು. ತಗೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ಮೈಸೂರಿನಲ್ಲಿದೆಯಾ, ಬೆಂಗಳೂರಿಗೇ ಹೋಗಬೇಕಾ ಅಂತ ಕೇಳಿಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್.

ಬೋರ್ಡುಗಳ ಬಗ್ಗೆ ಬರುವ ವಿಡಿಯೋಗಳಲ್ಲೆಲ್ಲ ಗೇಮ್ ಎಷ್ಟು ವೇಗವಾಗಿ ಓಡಿತು ಅನ್ನುವುದೇ ಮಾತು. ನಮಗೆ ಬೇಕಾದ ಲೆಕ್ಕ ಬೇರೆ. ಸೋಮವಾರಪೇಟೆ, ನಾಪೋಕ್ಲು, ವಿರಾಜಪೇಟೆ, ಪೊನ್ನಂಪೇಟೆ, ಎಲ್ಲಿಯವರಾದರೂ ಸರಿ, ನಿಮ್ಮ ಮನೆಯಲ್ಲಿ ಐದು ಮಳೆಗಾಲ ಕಂಡೂ ನಡೆಯುತ್ತಿರುವ ಬೋರ್ಡ್ ಇದ್ದರೆ ಅದು ಯಾವುದು, ಎಷ್ಟು ಮಳೆಗಾಲ ಆಯಿತು, ಎಲ್ಲಿ ಇಟ್ಟಿದ್ದೀರಿ ಅಂತ ಕೆಳಗೆ ಬರೆಯಿರಿ. ನಾನು ಒಂದು ಕಡೆ ಪಟ್ಟಿ ಮಾಡಿ ಹಾಕುತ್ತೇನೆ.