ಕೂತ್ಕೊಂಡು ಬಂದಿದ್ದಕ್ಕೇನು ಸುಸ್ತು?

ನಿನ್ನೆ ನಮ್ಮ ಹಾಸನದ ವಿದ್ಯಾನಗರದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಊಟ ಮುಗಿಸಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ ಒಬ್ಬರು (ಯಾರು ಅಂತ ಹೇಳಲ್ಲ, ನಮ್ಮ ಕಡೆಯವರಿಗೆ ಗೊತ್ತಾಗುತ್ತೆ) ನನ್ನ ಮಗಳ ಮುಖ ನೋಡಿ, "ಯಾಕಮ್ಮಾ ಇಷ್ಟು ಸೊರಗಿದ್ದೀಯ?" ಅಂದರು. ಅವಳು "ಪ್ರಯಾಣದ ಸುಸ್ತು ಇನ್ನೂ ಹೋಗಿಲ್ಲ" ಅಂದಳು. ಅದಕ್ಕೆ ಬಂತು ನೋಡಿ ಉತ್ತರ. "ವಿಮಾನದಲ್ಲಿ ತಾನೇ ಬಂದಿದ್ದು? ಕೂತ್ಕೊಂಡು ಬಂದಿದ್ದಕ್ಕೇನು ಸುಸ್ತು!" ಸುತ್ತ ಇದ್ದವರೆಲ್ಲ ನಕ್ಕರು. ಮಗಳೂ ನಕ್ಕಳು, ಪಾಪ. ನನಗೆ ನಗು ಬರಲಿಲ್ಲ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನವೇ ಜಗಳ ಬೇಡ ಅಂತ ಬಾಯಿ ಮುಚ್ಚಿಕೊಂಡು ಬಂದೆ. ಬಂದ ಮೇಲೂ ಹೊಟ್ಟೆಯಲ್ಲಿ ಕುದಿಯುತ್ತಲೇ ಇದೆ. ಜೀವಮಾನವೆಲ್ಲ ಕ್ಲಾಸಿನಲ್ಲಿ ಕೂಗಾಡಿದ ಟೀಚರ್ ನಾನು, ನನ್ನ ಬಾಯಿ ನಿಮಗೆ ಗೊತ್ತೇ ಇದೆ.

ಅಮೆರಿಕದಿಂದ ಬಂದಿದ್ದು ನಾನು, ಮಗಳು, ಅವಳ ಮಗ ಪುಟ್ಟ. ಅದರಲ್ಲಿ ಕೂತ್ಕೊಂಡು ಬಂದಿದ್ದು ಯಾರು ಸ್ವಾಮಿ? ನಾನು ಕೂತ್ಕೊಂಡು ಬಂದೆ, ಒಪ್ಪಿಕೊಳ್ತೀನಿ. ನನಗೆ ಸೀಟು ಇತ್ತು. ಮಗಳಿಗೂ ಇತ್ತು, ಕಾಗದದ ಮೇಲೆ. ಎರಡು ವರ್ಷ ತುಂಬದ ಮಗುವಿಗೆ ಬೇರೆಯಾಗಿ ಕೊಳ್ಳದಿದ್ದರೆ ವಿಮಾನದಲ್ಲಿ ಸೀಟೇ ಇಲ್ಲ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಟಿಕೆಟ್ ಮಾತ್ರ ತಗೋಬೇಕು. ದೂರದ ವಿಮಾನಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇಕಡ 10ರಷ್ಟು ಇರುತ್ತೆ. ಸೀಟು ಅಂದರೆ ಅಮ್ಮನ ತೊಡೆ. ಏರುವಾಗ ಇಳಿಯುವಾಗ ಅವಳ ಬೆಲ್ಟಿಗೇ ಒಂದು ಪುಟ್ಟ ಬೆಲ್ಟು ಸಿಕ್ಕಿಸಿ ಮಗುವನ್ನು ಕಟ್ಟಿ ಹಾಕ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಫ್ರಾಂಕ್‌ಫರ್ಟಿಗೆ ಹತ್ತು ಹನ್ನೊಂದು ಗಂಟೆ. ಅಲ್ಲಿ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಿ ಬೆಂಗಳೂರಿಗೆ ಮತ್ತೆ ಎಂಟೊಂಬತ್ತು ಗಂಟೆ. ಅಷ್ಟು ಹೊತ್ತೂ ಹನ್ನೊಂದು ಕೆಜಿಯ ಒಂದು ಜೀವ ತೊಡೆ ಮೇಲೆ. ಸುಮ್ಮನಿರುವ ಜೀವವೂ ಅಲ್ಲ. ಒದೆಯುತ್ತೆ, ಜಾರುತ್ತೆ, ಮುಂದಿನ ಸೀಟಿನವರ ಕೂದಲು ಹಿಡಿಯುತ್ತೆ, ಊಟದ ತಟ್ಟೆ ಇಡೋ ಹಲಗೆಯನ್ನು ನೂರು ಸಲ ಬಿಚ್ಚಿ ಮುಚ್ಚುತ್ತೆ.

ತೊಟ್ಟಿಲು ಕೊಡ್ತಾರಲ್ಲ ಅಂತ ಒಬ್ಬರು ಕೇಳಿದರು. ಕೊಡ್ತಾರೆ, ಮುಂದಿನ ಗೋಡೆಗೆ ಸಿಕ್ಕಿಸೋದು. ಅದಕ್ಕೆ ತೂಕದ ಮಿತಿ ಇದೆ. ಕಂಪನಿಗೊಂದು ಲೆಕ್ಕ, ಬಹಳ ಕಡೆ ಹತ್ತು ಹನ್ನೊಂದು ಕೆಜಿ ಆಸುಪಾಸು. ರಾಗಿ ಸರಿ ತಿಂದು ಬೆಳೆದ ನಮ್ಮ ಪುಟ್ಟ, ಕಾಲು ಮಡಚಿದರೂ ಅದರಲ್ಲಿ ಹಿಡಿಸಲ್ಲ. ಹಿಡಿಸುವ ಕೂಸಾದರೂ ಬೆಲ್ಟಿನ ದೀಪ ಹತ್ತಿದಾಗಲೆಲ್ಲ ಎತ್ತಿಕೊಳ್ಳಬೇಕು. ಮಲಗಿದ ಮಗುವನ್ನು ಎತ್ತಿಕೊಳ್ಳೋದು ಅಂದರೆ ಏನು ಅಂತ ಹೆತ್ತವರಿಗೆ ಹೇಳಬೇಕಾ?

ಇನ್ನು ಸೀಟುಗಳ ಕಥೆ. ಒಟ್ಟಿಗೆ ಟಿಕೆಟ್ ಮಾಡಿಸಿದ್ದರೂ ನನ್ನದೊಂದು ಕಡೆ, ಅವಳದೊಂದು ಕಡೆ. ಪಕ್ಕ ಬೇಕಾದರೆ ಮತ್ತೆ ದುಡ್ಡು. ನಮ್ಮ ದೇಶದಲ್ಲಿ 12 ವರ್ಷದೊಳಗಿನ ಮಕ್ಕಳನ್ನು ಅಪ್ಪ ಅಮ್ಮನಲ್ಲಿ ಒಬ್ಬರ ಪಕ್ಕವಾದರೂ ಕೂರಿಸಿ ಅಂತ ವಿಮಾನ ಕಂಪನಿಗಳಿಗೆ ಹೇಳೋಕೆ 2024ರ ಏಪ್ರಿಲ್‌ನಲ್ಲಿ ವಿಮಾನಯಾನ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ಆದೇಶ ಹೊರಡಿಸಬೇಕಾಯಿತು. ಮಗು ಅಮ್ಮನ ಪಕ್ಕ ಇರಲಿ ಅನ್ನೋದಕ್ಕೂ ಸರ್ಕಾರಿ ಕಾಗದ ಬೇಕು ನೋಡಿ. ತೊಡೆ ಮೇಲಿನ ಮಗುವಿಗೆ ಅದರಿಂದ ಏನೂ ಉಪಯೋಗವಿಲ್ಲ, ಅಜ್ಜಿಗಂತೂ ಯಾವ ಕಾಯ್ದೆಯೂ ಇಲ್ಲ. ಕೊನೆಗೆ ಒಬ್ಬ ಕಾಲೇಜು ಹುಡುಗ ಎದ್ದು ಜಾಗ ಬಿಟ್ಟುಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ.

ಆ ರಾತ್ರಿ ಹೇಳ್ತೀನಿ ಕೇಳಿ. ಎಲ್ಲರೂ ಕಂಬಳಿ ಹೊದ್ದು ಮಲಗಿದ್ದಾರೆ. ಮಂದ ನೀಲಿ ದೀಪ. ಮಗಳು ಪುಟ್ಟನನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆ ಕಟ್ಟೆಯಿಂದ ಬಾತ್‌ರೂಮಿನವರೆಗೆ, ಬಾತ್‌ರೂಮಿನಿಂದ ಅಡುಗೆ ಕಟ್ಟೆಯವರೆಗೆ ನಡೀತಾನೇ ಇದ್ದಾಳೆ. ಚಪ್ಪಲಿ ಎಲ್ಲೋ ಸೀಟಿನ ಕೆಳಗೆ ಹೋಗಿದೆ, ಬರೀ ಸಾಕ್ಸ್. ಕುರ್ತಾದ ಎಡ ಹೆಗಲು ಜೊಲ್ಲಿಗೆ, ಹಾಲಿಗೆ ಒದ್ದೆಯಾಗಿ ಬಣ್ಣ ಬೇರೆಯಾಗಿದೆ. "ಕೊಡೇ ನನಗೆ" ಅಂದರೆ ಆ ಮಹಾರಾಯ ನನ್ನ ಹತ್ತಿರ ಬರಲ್ಲ, ಅಮ್ಮನೇ ಬೇಕು. ನಾನು ಎತ್ತಿಕೊಂಡ ಕೂಡಲೇ ಶುರು ರಾಗ. ಪಕ್ಕದ ಸಾಲಿನಲ್ಲಿ ಒಬ್ಬರು ಲೊಚ್ ಅಂತ ಸದ್ದು ಮಾಡಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರು. ನಮ್ಮವರೇ, ಕನ್ನಡದವರೇ! ಅವರು ಚಿಕ್ಕವರಿದ್ದಾಗ ಅತ್ತೇ ಇರಲಿಲ್ಲ ಅಂತ ಕಾಣುತ್ತೆ.

ಇದಕ್ಕಿಂತ ದೊಡ್ಡ ಪಾಡು ಇಳಿಯುವಾಗ. ಬೆಂಗಳೂರು ಇನ್ನೇನು ಮುಕ್ಕಾಲು ಗಂಟೆ ಇದೆ ಅನ್ನುವಾಗ ಪುಟ್ಟ ಕೊನೆಗೂ ಕಣ್ಣು ಮುಚ್ಚಿದ. ನನಗೆ ದೇವರೇ ಇಳಿದು ಬಂದಷ್ಟು ಖುಷಿ. ಸ್ವಲ್ಪ ಹೊತ್ತಿಗೆ ಮಗಳು ಅವನನ್ನು ತಟ್ಟಿ ಎಬ್ಬಿಸೋಕೆ ಶುರು ಮಾಡಿದಳು. "ತಲೆ ಕೆಟ್ಟಿದೆಯೇನೇ ನಿನಗೆ" ಅಂದೆ. ಆಗ ಅವಳು ಹೇಳಿದ್ದು ಇದು. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಟ್ಟಿರ್ತಾರೆ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್, ಅಂದರೆ ಆರು ಸಾವಿರದ ಮುನ್ನೂರು ಅಡಿ ಚಿಲ್ಲರೆ. ಅಂದರೆ ರಾತ್ರಿಯೆಲ್ಲ ಗಿರಿಯ ತುದಿಯಲ್ಲಿ ಕೂತು, ಬೆಳಗಾಗೋದರೊಳಗೆ ದಡದಡ ಅಂತ ಕೆಳಗೆ ಇಳಿದ ಹಾಗೆ. ಶಿರಾಡಿ ಘಾಟಿ ಇಳಿಯುವಾಗ ನಮಗೇ ಕಿವಿ ಗುಂಯ್ ಅನ್ನುತ್ತಲ್ವಾ? ನಾವು ಉಗುಳು ನುಂಗುತ್ತೇವೆ, ಆಕಳಿಸುತ್ತೇವೆ, ಸರಿಹೋಗುತ್ತೆ. ಮಕ್ಕಳಿಗೆ ಕಿವಿಯಿಂದ ಗಂಟಲಿಗೆ ಹೋಗೋ ನಳಿಕೆ ಸಣ್ಣದು, ನಮ್ಮಷ್ಟು ಇಳಿಜಾರೂ ಇರಲ್ಲ, ಬೇಗ ಕಟ್ಟಿಕೊಳ್ಳುತ್ತೆ. ಏನಾದರೂ ಚೀಪುತ್ತಾ ನುಂಗುತ್ತಾ ಇದ್ದರೆ ಬಿಡುತ್ತೆ. ನಿದ್ದೆಯಲ್ಲಿ ನುಂಗೋದು ಕಮ್ಮಿ. ಅದಕ್ಕೇ ಎಬ್ಬಿಸಿ ಹಾಲು ಕುಡಿಸಬೇಕು.

ಅಷ್ಟು ಹೊತ್ತು ನಡೆದು ನಡೆದು ಮಲಗಿಸಿದ ಮಗುವನ್ನು ತಾನೇ ಎಬ್ಬಿಸೋದು. ಅವನು ಸಿಟ್ಟಿಗೆ ಬಾಟಲು ಎಸೆದ. ಕಿರುಚಿದ. ಅದೇ ಹೆಡ್‌ಫೋನ್ ಮನುಷ್ಯ ತಿರುಗಿ, "ಮಲಗಿದ್ದ ಮಗೂನ ಯಾಕ್ರೀ ಎಬ್ಬಿಸಿದ್ರಿ?" ಅಂತ ಕೇಳಿಯೂ ಬಿಟ್ಟ. ಮಗಳು ಉತ್ತರ ಕೊಡಲಿಲ್ಲ. ಕೆಳಗೆ ಬಗ್ಗಿ ಕತ್ತಲಲ್ಲಿ ಬಾಟಲು ಹುಡುಕುತ್ತಿದ್ದಳು. ನಾನು ಕಿಟಕಿ ಕಡೆ ಮುಖ ಮಾಡಿ ಅತ್ತೆ. ಮಗು ಅಳೋದಕ್ಕಲ್ಲ. ಮೊನ್ನೆ ಮೊನ್ನೆ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗ್ತಿದ್ದ ನನ್ನ ಹುಡುಗಿ ಸೀಟಿನ ಸಂದಿಯಲ್ಲಿ ಮಂಡಿಯೂರಿ ಕೂತು ಯಾರದೋ ಮಾತು ಕೇಳಿಸಿಕೊಳ್ತಾ ಇದ್ದಾಳಲ್ಲ, ಅದಕ್ಕೆ.

ಸರಿ, ಬೆಂಗಳೂರಿಗೆ ಇಳಿದದ್ದು ಸರಿ ರಾತ್ರಿ. ಹೊಸ ಟರ್ಮಿನಲ್ಲು, ಬಿದಿರು, ಮೇಲಿಂದ ತೂಗು ಹಾಕಿದ ಗಿಡಗಳು, ಎಲ್ಲ ಬಹಳ ಚೆನ್ನಾಗಿದೆ, ನೋಡೋಕೆ ನಮಗೆ ಕಣ್ಣು ತೆರೆದಿರಬೇಕಷ್ಟೆ. ಅಲ್ಲಿಗೆ ಮುಗೀತಾ? ಬೆಂಗಳೂರಿನವರಿಗೆ ಮುಗೀತು. ನಮಗೆ ದೇವನಹಳ್ಳಿಯಿಂದ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ. ಇನ್ನೂರು ಕಿಲೋಮೀಟರ್ ಮೇಲೆ. ಎರಡು ಕಡೆ ಮಗು ವಾಂತಿ. ಹಾಸನದ ಪಕ್ಕದ ನಮ್ಮ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಅಡಿಗಲ್ಲು ಬಿತ್ತು. ಶಿವಮೊಗ್ಗದವರದು 2023ರಲ್ಲಿ ಉದ್ಘಾಟನೆಯೂ ಆಯಿತು. ನಾವು ಅಡಿಗಲ್ಲಿನ ನೆನಪಿನಲ್ಲೇ ಖುಷಿಯಾಗಿರೋ ಜನ. (ಇದ್ದಿದ್ದರೂ ಫ್ರಾಂಕ್‌ಫರ್ಟಿನಿಂದ ಇಲ್ಲಿಗೆ ನೇರ ಬರ್ತಿರಲಿಲ್ಲ, ನನಗೂ ಗೊತ್ತು. ಆದರೂ ಹೊಟ್ಟೆ ಉರಿಯುತ್ತೆ.)

ಈಗ ಬರುತ್ತೆ ನೋಡಿ ದೊಡ್ಡ ವಾದ. "ನಾವೆಲ್ಲ ಮಕ್ಕಳನ್ನು ಹೆತ್ತಿಲ್ವಾ? ಕೆಂಪು ಬಸ್ಸಲ್ಲಿ ಎರಡೆರಡು ಕಟ್ಟಿಕೊಂಡು ಓಡಾಡಿಲ್ವಾ?" ಓಡಾಡಿದ್ದೇವೆ. ನಾನೂ ಓಡಾಡಿದ್ದೀನಿ, ಬೇಲೂರಿಂದ ಬೆಂಗಳೂರಿಗೆ, ಕಿಟಕಿ ಗಾಜು ಮುಚ್ಚದ ಬಸ್ಸಿನಲ್ಲಿ. ಆದರೆ ಆ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಲ್ತಿತ್ತು. ಇಳಿದು ಮಗುವಿಗೆ ಮುಖ ತೊಳೆಸಬಹುದಿತ್ತು. ತಡೆಯಲಾರದೆ ಇದ್ದರೆ ಕಂಡಕ್ಟರ್ ಬೈದುಕೊಂಡೇ ಸೀಟಿ ಊದಿ ನಿಲ್ಲಿಸ್ತಿದ್ದ. ಮುಖ್ಯವಾಗಿ, ಪಕ್ಕದಲ್ಲಿ ಕೂತ ಯಾವಳೋ ಗುರುತಿಲ್ಲದ ಹೆಂಗಸು "ಕೊಡಮ್ಮಾ ಇಲ್ಲಿ" ಅಂತ ಮಗುವನ್ನು ಕಿತ್ತುಕೊಂಡು ತನ್ನ ತೊಡೆ ಮೇಲೆ ಹಾಕಿಕೊಳ್ತಿದ್ದಳು. ಕುಣಿಗಲ್‌ವರೆಗೆ ಮಗು ಅವಳದೇ. ವಿಮಾನದಲ್ಲಿ ಕೈ ಚಾಚಿದವರು ಯಾರು? ಗಗನಸಖಿಯೊಬ್ಬಳು ಐದು ನಿಮಿಷ ಎತ್ತಿಕೊಂಡಳು, ಅಷ್ಟೇ. ಹಾಗಾಗಿ ಕೆಂಪು ಬಸ್ಸಿನ ಕಥೆ ನನಗೆ ಹೇಳಬೇಡಿ.

ಇನ್ನೊಬ್ಬ ಮಹಾತಾಯಿ ಸಲಹೆ ಕೊಟ್ಟರು, "ನೆಗಡಿ ಔಷಧಿ ಎರಡು ಚಮಚ ಕುಡಿಸಿದ್ರೆ ತಣ್ಣಗೆ ಮಲಗ್ತಿತ್ತಪ್ಪ." ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಆ ಮಂಪರು ಬರಿಸೋ ಸಿರಪ್ಪುಗಳು ಚಿಕ್ಕ ಮಕ್ಕಳಿಗೆ ಅಪಾಯ. ಅದರಲ್ಲೂ ಪ್ರೊಮೆಥಜೀನ್ ಇರೋದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆ ಆಗಬಹುದು. ಕೆಲವು ಮಕ್ಕಳಿಗೆ ಅದು ಉಲ್ಟಾ ಹೊಡೆದು ಕುಣಿಯೋಕೆ ಶುರು ಮಾಡ್ತಾವೆ. ಪಕ್ಕದವರ ನಿದ್ದೆಗೋಸ್ಕರ ನಮ್ಮ ಮಗುವಿಗೆ ಔಷಧಿ ಕುಡಿಸಬೇಕಾ?

"ಅಷ್ಟು ಕಷ್ಟ ಆದರೆ ಬರೋದ್ಯಾಕೆ" ಅಂತಲೂ ಒಂದು ಮಾತು ಬಂತು. ಚೆನ್ನಾಗಿದೆ. ಹೋದ ವರ್ಷ ಇದೇ ಜನ ಫೋನ್ ಮಾಡಿ ಮಾಡಿ "ಮೊಮ್ಮಗನ ಮುಖ ನಮಗೆಲ್ಲ ಯಾವಾಗ ತೋರಿಸ್ತೀರಿ, ಅಲ್ಲೇ ದೊಡ್ಡವನಾಗಿಬಿಡ್ತಾನಾ" ಅಂತ ನನ್ನ ತಲೆ ತಿಂದಿದ್ದರು. ಬರದಿದ್ದರೆ ಅಹಂಕಾರ, ಬಂದರೆ ಕೂತ್ಕೊಂಡು ಬಂದಿದ್ದು.

ನನಗೆ ಸಿಟ್ಟು ಜಾಸ್ತಿಯಾಗಿರೋದಕ್ಕೆ ಇನ್ನೊಂದು ಕಾರಣ ಇದೆ. ಅದನ್ನೂ ಹೇಳಿಬಿಡ್ತೀನಿ, ಅಳಿಯ ಓದಿದರೂ ಪರವಾಗಿಲ್ಲ. ಹಿಂದೊಮ್ಮೆ ಅಳಿಯ ಒಬ್ಬನೇ ಬಂದಿದ್ದ. ಅದೇ ದಾರಿ, ಅಷ್ಟೇ ಗಂಟೆ. ಬರೀ ಒಂದು ಬ್ಯಾಗು. ದಾರಿಯಲ್ಲಿ ಸಿನಿಮಾ ನೋಡಿದೆ, ಚೆನ್ನಾಗಿ ನಿದ್ದೆ ಮಾಡಿದೆ ಅಂತ ಅವನೇ ಹೇಳಿದ. ಆದರೂ ಮಧ್ಯಾಹ್ನ ಅವನು ಮಲಗಿದ್ದಾಗ ನಮ್ಮ ಮನೆಗೆ ಬಂದವರೆಲ್ಲ ಪಿಸುಮಾತು. "ಪಾಪ, ಎಷ್ಟು ದೂರದಿಂದ ಬಂದಿದೆ ಹುಡುಗ, ಮಲಗಲಿ ಬಿಡಿ." ಮಿಕ್ಸಿ ಹಾಕೋಕೂ ಬಿಡಲಿಲ್ಲ ನನ್ನ! ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೇನೂ ಇಲ್ಲ. ಈ ಸಲ ರಜೆ ಸಿಗಲಿಲ್ಲ ಅಂತ ಅವನೂ ಬೇಜಾರು ಮಾಡಿಕೊಂಡ. ನಾನು ಕೇಳ್ತಿರೋದು ನಮ್ಮ ಜನವನ್ನು. ಹಾಸನಾಂಬೆ ದರ್ಶನಕ್ಕೆ ಕ್ಯೂ ನಿಂತು ಬಂದವರು ಎರಡು ದಿನ ಕಾಲು ನೋವು ಅಂದರೆ ಅಯ್ಯೋ ಪಾಪ ಅಂತ ಬಿಸಿನೀರು ಕಾಯಿಸಿಕೊಡ್ತೀರಿ. ಒಂದಿಡೀ ದಿನ ಮಗುವನ್ನು ಹೊತ್ತು ಬಂದವಳಿಗೆ ಮಾತ್ರ ನಗು.

ಹೇಳಬೇಕಾದ್ದು ಇನ್ನೂ ಇದೆ. ಸುಸ್ತು ಇಳಿದ ದಿನಕ್ಕೆ ಮುಗಿಯಲ್ಲ. ಅಲ್ಲಿಗೂ ಇಲ್ಲಿಗೂ ಹನ್ನೆರಡು ಗಂಟೆಗೂ ಮೇಲೆ ವ್ಯತ್ಯಾಸ. ನಮಗೆ ರಾತ್ರಿ ಎರಡು ಅಂದರೆ ಪುಟ್ಟನ ಮೈಗೆ ಮಟಮಟ ಮಧ್ಯಾಹ್ನ. ಮೈ ಒಳಗಿನ ಗಡಿಯಾರ ದಿನಕ್ಕೆ ಗಂಟೆ, ಒಂದೂವರೆ ಗಂಟೆಯಷ್ಟೇ ಸರಿಯುತ್ತಂತೆ. ದೊಡ್ಡವರು ಕಣ್ಣು ಮುಚ್ಚಿ ಬಿದ್ದುಕೊಳ್ತಾರೆ. ಎರಡು ತುಂಬದ ಮಗುವಿಗೆ ಯಾರು ಹೇಳೋದು? ಬೆಳಿಗ್ಗೆ ಬಿಸಿಲಿಗೆ ಕರ್ಕೊಂಡು ಹೋದರೆ ಬೇಗ ಹೊಂದಿಕೊಳ್ಳುತ್ತೆ ಅಂತ ನಾನು ದಿನಾ ಅವನನ್ನು ಬೀದಿಯಲ್ಲಿ ಸುತ್ತಿಸ್ತಾ ಇದ್ದೀನಿ. ಹಸು ನೋಡ್ತಾನೆ, ಕುಣೀತಾನೆ. ಆದರೂ ರಾತ್ರಿ ಎರಡಕ್ಕೆ ಎದ್ದು ಬಾಲು ಬೇಕು ಅಂತಾನೆ. ಮಗಳು ಏಳ್ತಾಳೆ.

ಮುಂದಿನ ತಿಂಗಳು ಅವನಿಗೆ ಎರಡು ತುಂಬುತ್ತೆ. ವಾಪಸ್ ಹೋಗುವಾಗ ಅವನದೇ ಸೀಟು, ಅದಕ್ಕೆ ಬೇರೆ ದುಡ್ಡು. ಕೊಡ್ತೀವಿ. ನಾನೂ ಜೊತೆಗೆ ಹೋಗಬೇಕು ಅಂತಿದ್ದೀನಿ, ನೋಡೋಣ. ಈ ವಾರ ಊಟಕ್ಕೆ ಕರೆದಿರೋ ಮೂರು ಮನೆಯವರಿಗೆ ಇಲ್ಲೇ ಹೇಳಿಬಿಡ್ತೀನಿ, ನಾನೊಬ್ಬಳೇ ಬರ್ತೀನಿ, ಮಗಳು ಮಲಗಿರ್ತಾಳೆ. ಮಗುವನ್ನು ನೋಡಲೇಬೇಕು ಅನ್ನೋರು ರಾತ್ರಿ ಎರಡರಿಂದ ಐದರವರೆಗೆ ಯಾವಾಗ ಬೇಕಾದರೂ ಬನ್ನಿ. ಗೇಟು ತೆಗೆದೇ ಇರುತ್ತೆ, ಕಾಫಿ ನಾನು ಮಾಡಿಕೊಡ್ತೀನಿ, ಬಾಲು ನೀವು ಎಸೀರಿ.